ಅಣ್ಣನ ಕಿಡ್ನಿ ಕ್ಯಾನ್ಸರ್‌ಗೂ ಅಕ್ಕನ ಹಳೇ ರಿಪೋರ್ಟಿಗೂ ಸಂಬಂಧ ಇದೆಯಾ ಮೇಡಂ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮ ತಂದೆ 52ನೇ ವಯಸ್ಸಿಗೆ ಕಿಡ್ನಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಈಗ ಅಣ್ಣನಿಗೆ 41, ಎರಡೂ ಕಿಡ್ನಿಯಲ್ಲಿ ಗಡ್ಡೆ. ಆಪರೇಷನ್ ಆಯಿತು. ಬಯಾಪ್ಸಿಯಲ್ಲಿ 'ಕ್ಲಿಯರ್ ಸೆಲ್' (ಕಿಡ್ನಿ ಕ್ಯಾನ್ಸರಿನ ಒಂದು ಬಗೆ) ಎಂದು ಬಂದಿದೆ. ಜೀನ್ ಪ್ಯಾನೆಲ್ ಮಾಡಿಸಿದೆವು, ನೆಗೆಟಿವ್. ಸದ್ಯ, ವಂಶದ ಕಾಯಿಲೆ ಅಲ್ಲ ಎಂದು ನೆಮ್ಮದಿಯಾಗಿದ್ದೆವು. ಮೊನ್ನೆ ಬೀರುವಿನಲ್ಲಿ ಅಕ್ಕನ ಹಳೇ ಫೈಲ್ ಸಿಕ್ಕಿತು. ಅವಳಿಗೆ ಮೂರು ಸಲ ಗರ್ಭಪಾತವಾಗಿತ್ತು. ಆಗಿನ ಕ್ಯಾರಿಯೋಟೈಪ್ (ಕ್ರೋಮೋಸೋಮ್ ನೋಡುವ ಪರೀಕ್ಷೆ) ರಿಪೋರ್ಟಿನಲ್ಲಿ 3 ಮತ್ತು 6ನೇ ಕ್ರೋಮೋಸೋಮ್ ನಡುವೆ 'ಬ್ಯಾಲೆನ್ಸ್ಡ್ ಟ್ರಾನ್ಸ್‌ಲೊಕೇಶನ್' ಎಂದಿದೆ. ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೇನಾ? ಅಪ್ಪ ಅಮ್ಮ ಸೋದರ ಸಂಬಂಧದಲ್ಲಿ ಮದುವೆಯಾದವರು, ಅದೇ ಕಾರಣ ಅಂತಾರೆ ದೊಡ್ಡಪ್ಪ.

ಉತ್ತರ: ಸುಮ್ನೆ ಅಲ್ಲ. ಆ ಫೈಲ್ ಜೋಪಾನವಾಗಿಡಿ.

ಮೊದಲು ಪ್ಯಾನೆಲ್ ವಿಷಯ. ಅದು ಜೀನ್‌ಗಳ ಅಕ್ಷರ ಓದುತ್ತದೆ, ಕಾಗುಣಿತದ ತಪ್ಪು ಹುಡುಕುತ್ತದೆ. ನಿಮ್ಮ ಅಕ್ಕನ ವಿಷಯದಲ್ಲಿ ಆಗಿರುವುದು ಬೈಂಡಿಂಗ್ ತಪ್ಪು. ಕ್ರೋಮೋಸೋಮ್ ಅಂದರೆ ಜೀನ್‌ಗಳ ಪುಸ್ತಕ ಎಂದುಕೊಳ್ಳಿ, ಅಂಥ ಎರಡು ಪುಸ್ತಕಗಳ ಕೊನೆಯ ಹಾಳೆಗಳು ಅದಲುಬದಲಾಗಿ ಹೊಲಿದುಹೋಗಿವೆ. ಒಂದು ಅಕ್ಷರವೂ ಕಳೆದಿಲ್ಲ, ಹಾಗಾಗಿ 'ಬ್ಯಾಲೆನ್ಸ್ಡ್'. ಪ್ಯಾನೆಲ್‌ಗೆ ಇದು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಮೈಕ್ರೊಅರೇ ಎಂಬ ಜಾಸ್ತಿ ದುಡ್ಡಿನ ಟೆಸ್ಟಿಗೂ ಕಾಣುವುದಿಲ್ಲ, ಅದು ಹಾಳೆ ಎಣಿಸುತ್ತದೆ ಅಷ್ಟೇ. ಕಾಣುವುದು ಹಳೇ ಕಾಲದ ಕ್ಯಾರಿಯೋಟೈಪ್‌ನಲ್ಲಿ.

ಇನ್ನು ಕಿಡ್ನಿಗೆ ಏನು ಸಂಬಂಧ? 1979ರಲ್ಲಿ ಅಮೆರಿಕದ ಬೋಸ್ಟನ್‌ನ ವೈದ್ಯರು ಒಂದು ಕುಟುಂಬದ ಕಥೆ ಪ್ರಕಟಿಸಿದರು. ಮೂರು ತಲೆಮಾರಿನಲ್ಲಿ 10 ಜನಕ್ಕೆ ಕಿಡ್ನಿ ಕ್ಯಾನ್ಸರ್. ಅವರಲ್ಲಿ ಪರೀಕ್ಷಿಸಿದವರೆಲ್ಲರಲ್ಲೂ 3 ಮತ್ತು 8ನೇ ಕ್ರೋಮೋಸೋಮ್ ತುಂಡು ಬದಲಾಯಿಸಿಕೊಂಡಿದ್ದವು. ಇದು ಇದ್ದವರಿಗೆ 59 ವರ್ಷದೊಳಗೆ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ 87 ಎಂದು ಲೆಕ್ಕ ಹಾಕಿದರು. ಆಮೇಲೆ 3 ಮತ್ತು 6, 2 ಮತ್ತು 3 ಸೇರಿದ ಕುಟುಂಬಗಳೂ ಸಿಕ್ಕವು. ಎಲ್ಲದರಲ್ಲೂ 3 ಇತ್ತು, ಗಮನಿಸಿದಿರಾ?

3ನೇ ಕ್ರೋಮೋಸೋಮಿನ ಚಿಕ್ಕ ತೋಳಿನಲ್ಲಿ ವಿ.ಎಚ್.ಎಲ್. ಎಂಬ ಜೀನ್ ಇದೆ. ಇದು ಪತ್ತೆಯಾದದ್ದು 1993ರಲ್ಲಿ. ಜೀವಕೋಶಕ್ಕೆ ಆಮ್ಲಜನಕ ಸಾಕಷ್ಟು ಇರುವಾಗ 'ಸುಮ್ಮನಿರು' ಎನ್ನುವುದು ಇದರ ಕೆಲಸ. ಇದು ಇಲ್ಲದಿದ್ದರೆ ಕೋಶ ಉಸಿರುಗಟ್ಟಿದಂತೆ ಆಡುತ್ತದೆ, ಸುತ್ತ ರಕ್ತನಾಳ ಬೆಳೆಸಿಕೊಳ್ಳುತ್ತದೆ. ಕೋಶಗಳು ಆಮ್ಲಜನಕ ಗುರುತಿಸುವ ಈ ಏರ್ಪಾಡು ಬಿಡಿಸಿದ ಮೂವರಿಗೆ 2019ರ ನೊಬೆಲ್ ಬಂತು. ಎಡವಟ್ಟಾಗಿ ಹೊಲಿದ ಕ್ರೋಮೋಸೋಮ್ ಕೋಶ ಒಡೆಯುವಾಗ ಕಳೆದುಹೋಗುವುದು ಸುಲಭ. ಆ ಚಿಕ್ಕ ತೋಳು ಹೊತ್ತ ತುಂಡೇ ಹೋದರೆ ಕೋಶದಲ್ಲಿರುವ ಎರಡು ಪ್ರತಿಗಳಲ್ಲಿ ಒಂದು ವಿ.ಎಚ್.ಎಲ್. ಹೋಯಿತು. ಉಳಿದ ಒಂದೂ ಮುಂದೆ ಕೆಟ್ಟರೆ ಗಡ್ಡೆ ಶುರು. ಅಂದರೆ ಹುಟ್ಟುತ್ತ ಬರುವುದು ಕ್ಯಾನ್ಸರ್ ಅಲ್ಲ, ಮೂರು ಮೆಟ್ಟಿಲಲ್ಲಿ ಮೊದಲನೆಯದು.

ಈಗ ಮಾಡಬೇಕಾದ್ದು ಒಂದೇ, ಅಣ್ಣನ ಕ್ಯಾರಿಯೋಟೈಪ್. ನಿಮ್ಮದಲ್ಲ, ಮೊದಲು ಅವರದು. ಅವರಲ್ಲೂ ಇದೇ ಬದಲಾವಣೆ ಇದ್ದರೆ ಅನುಮಾನ ಗಟ್ಟಿ. ಇಲ್ಲದಿದ್ದರೆ ಅಕ್ಕನ ರಿಪೋರ್ಟ್ ಬೇರೆ, ಅಣ್ಣನ ಕಾಯಿಲೆ ಬೇರೆ.

ದೊಡ್ಡಪ್ಪನವರಿಗೆ ಹೇಳಿ, ಇದಕ್ಕೆ ಸೋದರ ಸಂಬಂಧ ಕಾರಣವಲ್ಲ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಬಂದರೂ ಸಾಕು. ನಿಮ್ಮ ಅಮ್ಮ ಇಷ್ಟು ವರ್ಷ ಆ ಮಾತು ಕೇಳಿಸಿಕೊಂಡಿದ್ದರೆ ಅವರಿಗೂ ತಿಳಿಸಿ.

ಇನ್ನೊಬ್ಬ ಸದಸ್ಯೆ: ಮೇಡಂ, ಓದಿ ಕೈಕಾಲು ತಣ್ಣಗಾಯಿತು. ನನಗೂ ಗರ್ಭಪಾತದ ಮೇಲೆ ಟೆಸ್ಟ್ ಮಾಡಿದಾಗ 3ನೇ ಕ್ರೋಮೋಸೋಮ್ ಟ್ರಾನ್ಸ್‌ಲೊಕೇಶನ್ ಇದೆ ಎಂದರು. ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಇಲ್ಲ.

ಉತ್ತರ: ನೀರು ಕುಡಿದು ಕೂತ್ಕೊಳಮ್ಮ. ನಿಮ್ಮದು ಬೇರೆ ಲೆಕ್ಕ. ಆ 87 ಬಂದದ್ದು ಕ್ಯಾನ್ಸರ್ ಇದ್ದ ಕುಟುಂಬವನ್ನೇ ಆರಿಸಿ ನೋಡಿದ್ದರಿಂದ. ಮನೆಯಲ್ಲಿ ಯಾರಿಗೂ ಇಲ್ಲದೆ ಹೀಗೆ ಅಕಸ್ಮಾತ್ ಸಿಕ್ಕಿದವರಲ್ಲಿ ಅಪಾಯ ತುಂಬಾ ಕಡಿಮೆ. ಹತ್ತಿರದ ಜೆನೆಟಿಕ್ಸ್ ವೈದ್ಯರಿಗೆ ಒಮ್ಮೆ ರಿಪೋರ್ಟ್ ತೋರಿಸಿ. ಹೊಟ್ಟೆಯ ಸ್ಕ್ಯಾನ್ ಬೇಕಾ ಎಂದು ಅವರೇ ಹೇಳುತ್ತಾರೆ.

ಮೊದಲು ಕೇಳಿದವರು: ಅಣ್ಣನಲ್ಲಿ ಇದೆ ಎಂದಾದರೆ ನಾನೇನು ಮಾಡಲಿ? ಅಣ್ಣನ ಮಗಳಿಗೆ 9 ವರ್ಷ.

ಉತ್ತರ: ಆಗ ನೀವು, ಅಕ್ಕ ಇಬ್ಬರೂ ಬನ್ನಿ. ಬದಲಾವಣೆ ಇದ್ದವರಿಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕಿಡ್ನಿಯ ಎಂ.ಆರ್.ಐ. ಅಥವಾ ಅಲ್ಟ್ರಾಸೌಂಡ್. ಇಂಥ ಗಡ್ಡೆಯನ್ನು 3 ಸೆಂಟಿಮೀಟರ್ ಆಗುವವರೆಗೆ ಹೆಚ್ಚಾಗಿ ನೋಡುತ್ತಾ ಇರುತ್ತೇವೆ. ತೆಗೆಯುವಾಗಲೂ ಗಡ್ಡೆ ಮಾತ್ರ, ಪೂರ್ತಿ ಕಿಡ್ನಿ ಅಲ್ಲ. ಮತ್ತೆ ಮತ್ತೆ ಬರುವ ಕಾಯಿಲೆಗೆ ಕಿಡ್ನಿ ಉಳಿಸುವುದೇ ಮುಖ್ಯ. ಮಗುವಿಗೆ ಈಗಲೇ ಟೆಸ್ಟ್ ಬೇಡ ಎಂಬುದು ನನ್ನ ಅಭಿಪ್ರಾಯ. ಇದು ದೊಡ್ಡವರಾದ ಮೇಲೆ ಬರುವ ಕಾಯಿಲೆ, ದೊಡ್ಡವಳಾಗಿ ಅವಳೇ ತೀರ್ಮಾನಿಸಲಿ.

ಮೊದಲು ಕೇಳಿದವರು: ಅಣ್ಣ ಖಾಲಿ ಹೊಟ್ಟೆಯಲ್ಲಿ ಬರಬೇಕಾ?

ಉತ್ತರ: ಬೇಡ, ತಿಂಡಿ ತಿಂದೇ ಬರಲಿ. ಹಸಿರು ಮುಚ್ಚಳದ ಒಂದು ಟ್ಯೂಬ್ ರಕ್ತ ಸಾಕು. ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಬೇಕು, ಅದಕ್ಕೇ ರಿಪೋರ್ಟ್ ತಡ. ಅಕ್ಕನ ಫೈಲ್ ಮರೆಯದೆ ತನ್ನಿ, ಜೆರಾಕ್ಸ್ ಆದರೂ ಸರಿ.