ಚಳಿ ಪ್ರದೇಶದ ಲ್ಯಾಬ್ ಕಟ್ಟಡ: ಗೋಡೆ ದಪ್ಪ ಮಾಡಿದರೂ ಹೀಟಿಂಗ್ ಯಾಕೆ ಇಳಿಯುತ್ತಿಲ್ಲ?

ನಕ್ಷೆಗಾರ: ಕೆಮಿಸ್ಟ್ರಿ ಲ್ಯಾಬ್ ಒಂದರ ವಿನ್ಯಾಸ ಮಾಡುತ್ತಿದ್ದೇವೆ. ಚಳಿಗಾಲದಲ್ಲಿ ಮೈನಸ್ 20 ಡಿಗ್ರಿಗೆ ಇಳಿಯುವ ಜಾಗ. ಗೋಡೆಗೆ 30 ಸೆಂ.ಮೀ. ಇನ್ಸುಲೇಷನ್, ಕಿಟಕಿಗೆ ಮೂರು ಪದರ ಗಾಜು ಹಾಕಿದ್ದೇವೆ. ಆದರೂ ಲೆಕ್ಕದಲ್ಲಿ ಹೀಟಿಂಗ್ ಅಷ್ಟೇ ಇದೆ. ಎಲ್ಲಿ ತಪ್ಪಿದ್ದೇವೆ? ಕಾಂಕ್ರೀಟ್ ಬಿಟ್ಟು ಮರದ ಚೌಕಟ್ಟು ಹಾಕಬಹುದಾ?

ಗಾಳಿಲೆಕ್ಕ: ಗೋಡೆಯಲ್ಲಿ ತಪ್ಪಿಲ್ಲ. ನಿಮ್ಮ ಬಿಸಿಯೆಲ್ಲ ಫ್ಯೂಮ್ ಹುಡ್‌ನಲ್ಲಿ ಹೋಗುತ್ತಿದೆ. ಹುಡ್ ಅಂದರೆ ಮುಂದೆ ಗಾಜಿನ ಬಾಗಿಲಿದ್ದು, ರಾಸಾಯನಿಕದ ಹೊಗೆಯನ್ನು ಹೊರಗೆ ಎಳೆದುಹಾಕುವ ಗೂಡು. ಒಂದು ಹುಡ್ ತಗೊಳ್ಳಿ. ಬಾಯಿ ಒಂದೂವರೆ ಮೀಟರ್ ಅಗಲ, ಅರ್ಧ ಮೀಟರ್ ಎತ್ತರ, ಗಾಳಿಯ ವೇಗ ಸೆಕೆಂಡಿಗೆ 0.5 ಮೀಟರ್ ಅಂದರೆ ಸೆಕೆಂಡಿಗೆ 0.375 ಘನ ಮೀಟರ್ ಗಾಳಿ ಹೊರಗೆ ಹೋಗುತ್ತೆ, ಅಷ್ಟೇ ಗಾಳಿ ಹೊರಗಿಂದ ಒಳಗೆ ಬರಬೇಕು, ಅದನ್ನು ಮೈನಸ್ 20ರಿಂದ ಪ್ಲಸ್ 20ಕ್ಕೆ ಬಿಸಿ ಮಾಡಲು ಸುಮಾರು 18 ಕಿಲೋವ್ಯಾಟ್ ಬೇಕು. ಒಂದೇ ಹುಡ್‌ಗೆ! ಬಳಸದಿದ್ದಾಗ ಗಾಜಿನ ಬಾಗಿಲು ಇಳಿಸಿದರೆ ಗಾಳಿ ತಾನಾಗಿ ಕಡಿಮೆಯಾಗುವ ಹುಡ್ ಹಾಕಿ. ಹಳೆಯ ತರದ್ದು ಬಾಗಿಲು ಇಳಿಸಿದರೂ ಅಷ್ಟೇ ಗಾಳಿ ಎಳೆಯುತ್ತದೆ. ಕೋಣೆಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗಬೇಕು ಅನ್ನೋದನ್ನೂ ಹಳೇ ಕಟ್ಟಡದಿಂದ ಸುಮ್ನೆ ನಕಲು ಮಾಡಬೇಡಿ, ಸುರಕ್ಷತೆ ನೋಡುವವರ ಜೊತೆ ಕೂತು ಕೋಣೆ ಕೋಣೆಗೂ ತೀರ್ಮಾನಿಸಿ.

ನಕ್ಷೆಗಾರ: ಹೊರಗೆ ಹೋಗುವ ಗಾಳಿಯ ಬಿಸಿ ವಾಪಸ್ ಹಿಡಿಯಬಹುದು ಅಲ್ವಾ? ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ತಿರುಗುವ ಚಕ್ರ ಹಾಕಿದರೆ?

ಗಾಳಿಲೆಕ್ಕ: ಚಕ್ರ ಜಾಸ್ತಿ ಬಿಸಿ ಹಿಡಿಯುತ್ತದೆ, ನಿಜ. ಆದರೆ ಹೊರಹೋಗುವ ಗಾಳಿ ಚೂರು ಒಳಗೆ ಬೆರೆಯುತ್ತದೆ, ಹುಡ್ ಗಾಳಿಗೆ ಅದು ಬೇಡ. ಎರಡೂ ಕಡೆ ಕಾಯಿಲ್ (ನೀರು ಹರಿಯುವ ಕೊಳವೆ ಸುರುಳಿ) ಇಟ್ಟು ನಡುವೆ ಹೆಪ್ಪುಗಟ್ಟದ ಹಾಗೆ ಗ್ಲೈಕಾಲ್ ಬೆರೆಸಿದ ನೀರು ಸುತ್ತಿಸಿ. ಸುಮಾರು ಅರ್ಧ ಬಿಸಿ ವಾಪಸ್ ಬರುತ್ತದೆ, ಎರಡು ಗಾಳಿ ಎಲ್ಲೂ ಸೇರಲ್ಲ. ಹೊರಹೋಗುವ ಕಡೆಯ ಕಾಯಿಲ್ ಮೇಲೆ ಹಿಮ ಕಟ್ಟದ ಹಾಗೆ ಕಂಟ್ರೋಲ್ ಮಾತ್ರ ಮರೆಯಬೇಡಿ. ಉಳಿದ ಬಿಸಿಗೆ ಹೀಟ್ ಪಂಪ್, ಅಂದರೆ ಹೊರಗಿನ ಬಿಸಿಯನ್ನು ಕರೆಂಟ್ ಬಳಸಿ ಒಳಗೆ ತರುವ ಯಂತ್ರ. ನೀರು ಜಾಸ್ತಿ ಕಾಯಿಸಬೇಕಾದಷ್ಟೂ ಅದು ಜಾಸ್ತಿ ಕರೆಂಟ್ ತಿನ್ನುತ್ತದೆ. ಅದಕ್ಕೆ ಗಾಳಿ ಬಿಸಿ ಮಾಡುವ ಕಾಯಿಲ್‌ಗಳನ್ನು ಮೊದಲೇ ದೊಡ್ಡದಾಗಿ ಇಡಿ, 40–45 ಡಿಗ್ರಿ ನೀರೇ ಸಾಕಾಗಬೇಕು.

ಮರದ ತೊಲೆ: ಮರ ಖಂಡಿತ ಆಗುತ್ತದೆ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ಲ್ಯಾಬ್ ಮರದ ಚೌಕಟ್ಟಿನದೇ. 2014ರಲ್ಲಿ ಕಟ್ಟುತ್ತಿರುವಾಗಲೇ ಬೆಂಕಿಗೆ ಸುಟ್ಟುಹೋಯಿತು, ಮತ್ತೆ ಮರದಲ್ಲೇ ಕಟ್ಟಿ 2017ರಲ್ಲಿ ತೆರೆದರು. ಹಾಗಾಗಿ ಕೆಲಸ ನಡೆಯುವಾಗಿನ ಬೆಂಕಿ ಸುರಕ್ಷತೆಗೆ ಮೊದಲ ದಿನದಿಂದಲೇ ಯೋಜನೆ ಇರಲಿ. ಇನ್ನೊಂದು ತೊಂದರೆ ನಡುಕ. ಹಗುರ ನೆಲದ ಮೇಲೆ ಪಕ್ಕದಲ್ಲಿ ಯಾರಾದರೂ ನಡೆದರೂ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರ ಕಲಸಿಹೋಗುತ್ತದೆ. ಅಂಥ ಯಂತ್ರಗಳನ್ನೆಲ್ಲ ನೆಲಮಹಡಿಯಲ್ಲಿ ಕಾಂಕ್ರೀಟ್ ಮೇಲೆ ಇಟ್ಟು ಮೇಲಿನ ಮಹಡಿ ಮರದಲ್ಲಿ ಮಾಡಿ.

ನಕ್ಷೆಗಾರ: ನಮ್ಮ ಪಟ್ಟಿಯಲ್ಲಿ 24 ಹುಡ್ ಇವೆ. ಎಲ್ಲ ಒಟ್ಟಿಗೆ ತೆರೆದರೆ 432 ಕಿಲೋವ್ಯಾಟ್! ನಾಳೆಯೇ ಕೆಮಿಸ್ಟ್ರಿಯವರ ಜೊತೆ ಕೂತು ಯಾವ ಹುಡ್ ಯಾರಿಗೆ, ದಿನಕ್ಕೆ ಎಷ್ಟು ಹೊತ್ತು ಬೇಕು ಅಂತ ಒಂದೊಂದಾಗಿ ಕೇಳುತ್ತೇನೆ.