‘ವಿಷನ್’ ಅನ್ನು ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಕಣ್ಣಾಸ್ಪತ್ರೆಯ ಪರಿಚಯ ಪುಸ್ತಿಕೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ವಿಷನ್’ ಮತ್ತೆ ಮತ್ತೆ ಬರುತ್ತದೆ, ಒಂದೊಂದು ಕಡೆ ಒಂದೊಂದು ಅರ್ಥದಲ್ಲಿ. ನಿಮ್ಮ ಸಲಹೆ ಬೇಕು.

ಕಣ್ಣಿನ ಮಾತು ಬಂದಲ್ಲಿ ‘ದೃಷ್ಟಿ’ ಸಾಕು. ‘ದೃಷ್ಟಿ 6/6 ಇದೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ‘ದೃಷ್ಟಿ ಆಗಿದೆ’ ಎಂದರೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ತೆಗೆಯುವ ವಿಷಯ! ಹಾಗಾಗಿ ರೋಗಿಗಳಿಗೆ ಕೇಳುವ ಪ್ರಶ್ನೆಗಳಲ್ಲಿ ‘ಕಣ್ಣು ಸರಿಯಾಗಿ ಕಾಣುತ್ತಾ?’ ಎಂದೇ ಬರೆದಿದ್ದೇನೆ.

ತೊಡಕು ಇರುವುದು ಸ್ಥಾಪಕರ ಬಗ್ಗೆ ಬರೆದ ಪುಟದಲ್ಲಿ. ಅವರಿಗೆ ‘ದೂರದೃಷ್ಟಿ ಇತ್ತು’ ಎನ್ನುವುದು ರೂಢಿ. ಆದರೆ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ದೂರದೃಷ್ಟಿ ಒಂದು ದೋಷ. ದೂರದ್ದು ಕಾಣುತ್ತದೆ, ಹತ್ತಿರದ್ದು ಮಸುಕು. ಬಿಂಬ ರೆಟಿನಾದ ಹಿಂದೆ ಬೀಳುವುದರಿಂದ ಪೀನ ಮಸೂರದ ಕನ್ನಡಕ ಬೇಕಾಗುತ್ತದೆ. ಇದರ ವಿವರ ಅದೇ ಪುಸ್ತಿಕೆಯಲ್ಲಿದೆ! ಒಂದೇ ಪದ ಒಂದು ಪುಟದಲ್ಲಿ ಹೊಗಳಿಕೆ, ಇನ್ನೊಂದರಲ್ಲಿ ಕಾಯಿಲೆ ಆಗಬಾರದು ಅಲ್ವಾ? ‘ಮುಂದಾಲೋಚನೆ’ ಎನ್ನಬಹುದು. ಆದರೆ ಮಳೆಗಾಲಕ್ಕೆ ಮೊದಲೇ ಸೌದೆ ಕೂಡಿಡುವುದೂ ಮುಂದಾಲೋಚನೆಯೇ. ಇನ್ನೂ ಇಲ್ಲದ್ದನ್ನು ಮನಸ್ಸಿನಲ್ಲಿ ಕಾಣುವ ಗುಣ ಆ ಪದಕ್ಕಿಲ್ಲ.

ಇನ್ನು ‘ನಮ್ಮ ವಿಷನ್’ ಎಂಬ ತಲೆಬರಹ. ಇದಕ್ಕೆ ಹಲವರು ‘ದೃಷ್ಟಿಕೋನ’ ಎಂದು ಹಾಕುತ್ತಾರೆ. ಅದು ತಪ್ಪು ಎಂದೇ ನನ್ನ ಅನಿಸಿಕೆ. ದೃಷ್ಟಿಕೋನ ಎಂದರೆ ಒಂದು ವಿಷಯವನ್ನು ನೋಡುವ ಬಗೆ, ತಲುಪಬೇಕಾದ ನಾಳೆ ಅಲ್ಲ. ‘ಮುನ್ನೋಟ’ ಪರವಾಗಿಲ್ಲ, ಆದರೆ ಪತ್ರಿಕೆಗಳು ಅದನ್ನು ಕ್ರಿಕೆಟ್ ಪಂದ್ಯಕ್ಕೂ ಬಳಸಿ ತೆಳುವಾಗಿಸಿವೆ. ‘ದರ್ಶನ’ ತೂಕದ ಪದ. ಗುಡಿಯಲ್ಲಿ ದೇವರ ದರ್ಶನ, ತತ್ವದಲ್ಲಿ ಸಾಂಖ್ಯ, ಯೋಗದಂಥ ಆರು ದರ್ಶನ, ಕರಾವಳಿಯ ನಾಗದರ್ಶನದಲ್ಲಿ ಪಾತ್ರಿಯ ಮೈಮೇಲೆ ಬರುವುದೂ ದರ್ಶನವೇ. ಅದನ್ನು ಆಸ್ಪತ್ರೆಯ ಪುಸ್ತಿಕೆಗೆ ಎಳೆದು ತರಲು ನನಗೆ ಮನಸ್ಸಿಲ್ಲ.

ನನ್ನ ಒಲವು ‘ಕಾಣ್ಕೆ’ಯ ಕಡೆಗೆ. ವಿಮರ್ಶಕರು ‘ಕವಿಯ ಕಾಣ್ಕೆ’ ಎನ್ನುತ್ತಾರಲ್ಲ, ಅದೇ. ಕಣ್ಣು ಕಾಣುವುದು, ಮನಸ್ಸು ಕಾಣುವುದು ಎರಡೂ ಅದರಲ್ಲಿವೆ. ಒಂದೇ ಭಯ: ‘ನಮ್ಮ ಕಾಣ್ಕೆ’ಯನ್ನು ಜನ ‘ಕಾಣಿಕೆ’ ಎಂದು ಓದಿ, ಆಸ್ಪತ್ರೆ ದುಡ್ಡು ಕೇಳುತ್ತಿದೆ ಅಂದುಕೊಂಡರೆ? ಆಗ ‘ನಮ್ಮ ಕನಸು’ ಎಂದು ಬರೆದು, ಅದರ ಕೆಳಗೆ ‘ಪೊರೆಯಿಂದ ಯಾರೂ ಕಣ್ಣು ಕಳೆದುಕೊಳ್ಳಬಾರದು’ ಎಂದರೆ ಸಾಕೇ?

‘ಕಾಣ್ಕೆ’ಯನ್ನು ಇಂಥ ಬರಹದಲ್ಲಿ ಬಳಸಿದವರು ಯಾರಾದರೂ ಇದ್ದೀರಾ? ಓದಿದವರಿಗೆ ಅರ್ಥವಾಯಿತೇ, ದಯವಿಟ್ಟು ತಿಳಿಸಿ.