ಸಂಕ್ರಾಂತಿಗೆ ತಿಳಿಯಾಗಿದ್ದ ಕೆರೆ ಯುಗಾದಿಗೆ ಹಸಿರಾಗುವುದೇಕೆ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಮಂಡ್ಯ ತಾಲ್ಲೂಕು):

ಕಳೆದ ಜೂನ್‌ನಿಂದ ಮಕ್ಕಳೊಡನೆ ನಮ್ಮೂರ ಕೆರೆಯ ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುತ್ತಿದ್ದೇನೆ. 20 ಸೆಂ.ಮೀ. ಅಗಲದ ತಗಡಿನ ಬಿಲ್ಲೆಗೆ ಕಪ್ಪು-ಬಿಳಿ ಬಣ್ಣ ಬಳಿದು, ಅಳತೆಯ ಗುರುತು ಹಾಕಿದ ಹಗ್ಗಕ್ಕೆ ಕಟ್ಟಿ, ತೂಬಿನ ಕಟ್ಟೆಯಿಂದ ಇಳಿಬಿಟ್ಟು, ಅದು ಕಣ್ಣಿಗೆ ಮರೆಯಾಗುವ ಆಳವನ್ನು ಬರೆದುಕೊಳ್ಳುತ್ತೇವೆ. ಆಷಾಢದಲ್ಲಿ ಒಂದು ಗೇಣಿನಾಚೆ ಏನೂ ಕಾಣುತ್ತಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಬಿಲ್ಲೆ ಮೀಟರಿನಷ್ಟು ಆಳದವರೆಗೂ ಕಂಡಿತು. ಈಗ ಯುಗಾದಿ ಕಳೆದಿದೆ, ಮತ್ತೆ 30 ಸೆಂ.ಮೀ.ಗೇ ಮರೆಯಾಗುತ್ತಿದೆ. ಮಳೆಯಿಲ್ಲ, ನಾಲೆಯಲ್ಲೂ ನೀರು ಬರುವುದು ನಿಂತಿದೆ, ಹಾಗಿದ್ದರೆ ಈ ಕದಡು ಬಂದದ್ದೆಲ್ಲಿಂದ? ಪಟಿಕ ಹಾಕಿಸಿ ತಿಳಿಗೊಳಿಸೋಣ ಎಂದು ಊರಿನ ಹಿರಿಯರು ಹೇಳುತ್ತಿದ್ದಾರೆ. ಮಕ್ಕಳಿಗೆ ಏನೆಂದು ವಿವರಿಸಲಿ?

ಉತ್ತರ (ನಿವೃತ್ತ ಜೀವಶಾಸ್ತ್ರ ಅಧ್ಯಾಪಕ, ಮೈಸೂರು):

ಮೇಡಂ, 1865ರಲ್ಲಿ ಇಟಲಿಯ ಪಾದ್ರಿ-ವಿಜ್ಞಾನಿ ಸೆಕ್ಕಿ ಸಮುದ್ರಕ್ಕೆ ಬಿಳಿಯ ಬಿಲ್ಲೆ ಇಳಿಸಿ ಆರಂಭಿಸಿದ ವಿಧಾನವನ್ನೇ ತಮ್ಮ ಮಕ್ಕಳು ಮಾಡುತ್ತಿದ್ದಾರೆ ಎಂಬುದು ನನಗೆ ಬಹಳ ಸಂತೋಷ ತಂದಿದೆ. ಆದರೆ ಬಿಲ್ಲೆ ಹೇಳುವುದು ಬೆಳಕು ಎಷ್ಟು ಆಳಕ್ಕೆ ಹೋಗುತ್ತಿದೆ ಎಂಬುದನ್ನು ಮಾತ್ರ, ತಡೆಯುತ್ತಿರುವುದು ಮಣ್ಣೋ ಜೀವವೋ ಎಂಬುದನ್ನಲ್ಲ. ಆಷಾಢದ ಕದಡು ಮಣ್ಣಿನದು: ಹೊಸ ನೀರಿನೊಡನೆ ಹೂಳು ಬರುತ್ತದೆ, ಅದರ ಜೊತೆಗೆ ನಮ್ಮ ಆಳವಿಲ್ಲದ ಕೆರೆಗಳಲ್ಲಿ ಆಷಾಢದ ಗಾಳಿಯೊಂದೇ ತಳದ ಗೋಡನ್ನು ಎಬ್ಬಿಸಬಲ್ಲದು. ಗಾಳಿ ತಗ್ಗಿ ಚಳಿ ಬಂದಾಗ ಅದು ಕೆಳಗಿಳಿಯುತ್ತದೆ.

ಈಗಿನ ಕದಡು ಬಹುಶಃ ಪಾಚಿಯದು. ಗದ್ದೆ, ಕಬ್ಬಿನ ತೋಟಗಳ ಬಸಿನೀರಿನೊಡನೆ ಬಂದ ಸಾರಜನಕ, ರಂಜಕಗಳು ಕೆರೆಯಲ್ಲೇ ಉಳಿದಿರುತ್ತವೆ. ಬೇಸಿಗೆಯಲ್ಲಿ ನೀರು ಆವಿಯಾಗಿ ತಗ್ಗುತ್ತಿದ್ದಂತೆ ಅವು ಗಾಢವಾಗುತ್ತವೆ, ತಳದಲ್ಲಿ ಆಮ್ಲಜನಕ ಕಡಿಮೆಯಾದಾಗ ಹೂಳಿನೊಳಗಿನ ರಂಜಕವೂ ಬಿಡುಗಡೆಯಾಗುತ್ತದೆ. ಬೆಚ್ಚಗಿನ, ಅಲುಗಾಡದ ನೀರು ನೀಲಿ-ಹಸಿರು ಪಾಚಿಗೆ ಹಬ್ಬದೂಟವಿದ್ದಂತೆ. ಯುರೋಪಿನ ಸರೋವರಗಳಲ್ಲಿ ವಸಂತದ ಕೊನೆಗೆ ಡಾಫ್ನಿಯಾ ಎಂಬ ನೀರಿನ ಚಿಗಟಗಳು ಪಾಚಿಯನ್ನು ಮೇಯ್ದು ನೀರನ್ನು ಕೆಲವು ವಾರ ತಿಳಿಗೊಳಿಸುತ್ತವೆ ಎಂದು ಪುಸ್ತಕಗಳಲ್ಲಿ ಓದಿರುತ್ತೀರಿ. ನಮ್ಮಲ್ಲಿ ವರ್ಷವಿಡೀ ಹಸಿದಿರುವ ಮೀನುಗಳು ಅಂಥ ದೊಡ್ಡ ಚಿಗಟಗಳನ್ನು ಹೆಚ್ಚಾಗಿ ಉಳಿಸುವುದಿಲ್ಲ, ಆದ್ದರಿಂದ ಆ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ಗಾಜಿನ ಬಾಟಲಿಯಲ್ಲಿ ಕೆರೆನೀರು ತುಂಬಿ ಒಂದು ರಾತ್ರಿ ಅಲುಗಾಡದಂತೆ ಇಡಿ. ಮಣ್ಣಾದರೆ ತಳಕ್ಕೆ ಇಳಿಯುತ್ತದೆ (ತೀರ ನಯವಾದ ಜೇಡಿಗೆ ಹೆಚ್ಚು ಹೊತ್ತು ಬೇಕು). ನೀಲಿ-ಹಸಿರು ಪಾಚಿಯ ಕೋಶಗಳೊಳಗೆ ಗಾಳಿಯ ಕೋಶಿಕೆಗಳಿರುವುದರಿಂದ ಅದು ಸಾಮಾನ್ಯವಾಗಿ ಮೇಲಕ್ಕೆ ಬಂದು ಕೆನೆಗಟ್ಟುತ್ತದೆ.

ಉತ್ತರ (ಮೀನು ಸಾಕುವ ರೈತ, ಶ್ರೀರಂಗಪಟ್ಟಣ ಕಡೆಯವನು):

ಅಧ್ಯಾಪಕರು ಹೇಳಿದ್ದು ಸರಿ. ನನ್ನ ಅನುಭವವನ್ನೂ ಸೇರಿಸುತ್ತೇನೆ. ಹಸಿರು ದಟ್ಟವಾದ ಕೆರೆಯಲ್ಲಿ ಮಧ್ಯಾಹ್ನ ಆಮ್ಲಜನಕಕ್ಕೆ ಕೊರತೆಯಿಲ್ಲ, ಆದರೆ ರಾತ್ರಿ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಅದು ಬರಿದಾಗುತ್ತದೆ. ಮೇ ತಿಂಗಳಲ್ಲಿ ಎರಡು ದಿನ ಮೋಡ ಮುಚ್ಚಿದ್ದಾಗ, ಕಾಟ್ಲಾ ಮೀನುಗಳು ಬಾಯಿ ಮೇಲೆತ್ತಿ ನೀರಿನ ಮೇಲ್ಪದರಕ್ಕೆ ತುಟಿ ತಾಗಿಸಿಕೊಂಡು ನಿಂತಿದ್ದನ್ನು ಐದು ಗಂಟೆಗೇ ಏರಿಯ ಮೇಲಿನಿಂದ ನೋಡಿದ್ದೇನೆ. ಅಂದು ಎಂಟು ಗಂಟೆಯೊಳಗೆ ಅರ್ಧ ಮೀನು ಸತ್ತವು. ಮಕ್ಕಳಿಗೆ ನಸುಕಿನ ಕೆರೆಯನ್ನೂ ಒಮ್ಮೆ ತೋರಿಸಿ.

ಉತ್ತರ (ನಿವೃತ್ತ ಅಧ್ಯಾಪಕ):

ಪಟಿಕದ ಮಾತು ಬಿಟ್ಟುಹೋಗಿತ್ತು. ಪಟಿಕ ರಂಜಕವನ್ನು ಕಟ್ಟಿಹಾಕುತ್ತದೆ ನಿಜ, ಆದರೆ ಅಳತೆ ತಪ್ಪಿದರೆ ನೀರು ಹುಳಿಯಾಗಿ ಮೀನುಗಳಿಗೆ ಅಪಾಯ. ಬಸಿನೀರು, ಚರಂಡಿ ನೀರು ಬರುತ್ತಲೇ ಇದ್ದರೆ ಬರುವ ವರ್ಷ ಅದೇ ಹಸಿರು. ಮೈಲುತುತ್ತ ಹಾಕಲು ಯಾರಾದರೂ ಸೂಚಿಸಿದರೆ ದಯವಿಟ್ಟು ತಡೆಯಿರಿ: ಪಾಚಿ ಒಮ್ಮೆಲೇ ಸತ್ತು ಕೊಳೆತರೆ ಆಮ್ಲಜನಕ ಮುಗಿಯುತ್ತದೆ, ಕೋಶಗಳೊಳಗಿನ ವಿಷವೂ ನೀರಿಗೆ ಸೇರುತ್ತದೆ. ದಡದಲ್ಲಿ ಬಣ್ಣ ಚೆಲ್ಲಿದಂತೆ ಹಸಿರು ಕೆನೆ ನಿಂತಿದ್ದರೆ ಅಲ್ಲಿ ದನಗಳಿಗೆ ನೀರು ಕುಡಿಸಬಾರದೆಂದು ಊರಿನಲ್ಲಿ ಇಂದೇ ತಿಳಿಸಿ, ಕೆಲವು ಪಾಚಿಗಳ ವಿಷ ಯಕೃತ್ತನ್ನು ಕೆಡಿಸುತ್ತದೆ. ಬಸಿಗಾಲುವೆ ಕೆರೆ ಸೇರುವ ಬಾಯಿಯ ಜೊಂಡನ್ನು ಕೀಳಿಸದೆ ಉಳಿಸಿಕೊಳ್ಳುವುದು ಊರಿನವರ ಕೈಯಲ್ಲಿರುವ ಕೆಲಸ.

ಪ್ರಶ್ನೆ ಕೇಳಿದವರು:

ನಿನ್ನೆ ಸಂಜೆ ಬಾಟಲಿ ಇಟ್ಟಿದ್ದೆವು. ಬೆಳಿಗ್ಗೆ ಕತ್ತಿನ ಬಳಿ ಬೆರಳಗಲ ಹಸಿರು ಕೆನೆ ಕಟ್ಟಿ, ಕೆಳಗಿನ ನೀರಿನ ಮೂಲಕ ಆಚೆಯ ಪುಸ್ತಕದ ಅಕ್ಷರ ಕಾಣುತ್ತಿತ್ತು. ಬಾಟಲಿಯನ್ನು ಹಾಗೆಯೇ ಹಿರಿಯರ ಮುಂದೆ ಇಟ್ಟೆವು. ಪಟಿಕ ತರಿಸುವುದನ್ನು ನಿಲ್ಲಿಸಿದ್ದಾರೆ, ದನಗಳಿಗೆ ಕೊಳವೆಬಾವಿಯ ತೊಟ್ಟಿಯಿಂದ ಕುಡಿಸಲು ಒಪ್ಪಿದ್ದಾರೆ. ನಾಳೆ ಐದೂವರೆಗೆ ಮಕ್ಕಳು ಪೋಷಕರೊಂದಿಗೆ ಏರಿಗೆ ಬರುತ್ತಾರೆ.